ಎಂಜಿನ್ ಬ್ಲಾಕಿನ ಆಯ್ಕೆ: ಶಕ್ತಿ, ಬಾಳಿಕೆ ಮತ್ತು ಲೆಕ್ಕಾಚಾರ

ವಾಹನದ ಮೇಲೆ ಬದುಕು ಕಟ್ಟಿಕೊಂಡವರಿಗೆ ಎಂಜಿನ್ ಇಳಿಸುವ ಪ್ರಸಂಗ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ವಿಜಯಪುರ ನಗರದಲ್ಲಿ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಗೆ ಸರಕು ತಂದಿಳಿಸುವ ಲಾರಿ, ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಂದ ಹಣ್ಣು ಮತ್ತು ಒಣದ್ರಾಕ್ಷಿ ಹೊತ್ತು ಹೋಗುವ ಮಿನಿ ಟ್ರಕ್, ಬಬಲೇಶ್ವರ ಭಾಗದಿಂದ ಸಕ್ಕರೆ ಕಾರ್ಖಾನೆಗೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಇವೆಲ್ಲವೂ ಇದಕ್ಕೆ ಹೊರತಲ್ಲ. ಎಂಜಿನ್ ಇಳಿಸಿದ ಮಿಸ್ತ್ರಿ “ಬ್ಲಾಕ್ ಹೋಗಿದೆ” ಎಂದು ಹೇಳಿದ ಗಳಿಗೆಯಲ್ಲಿ ಮಾಲೀಕನ ಮುಂದೆ ನಾಲ್ಕು ದಾರಿಗಳು ತೆರೆದುಕೊಳ್ಳುತ್ತವೆ. ಹಳೆಯ ಬ್ಲಾಕನ್ನೇ ಬೋರ್ ಮಾಡಿಸಿ ಸ್ಲೀವ್ ಹಾಕಿಸುವುದು, ಗುಜರಿಯಿಂದ ಬಳಸಿದ ಬ್ಲಾಕ್ ತರುವುದು, ಪೇಟೆಯಲ್ಲಿ ಸಿಗುವ ಬೇರೆ ತಯಾರಕರ ಹೊಸ ಬ್ಲಾಕ್ ಕೊಳ್ಳುವುದು, ಅಥವಾ ವಾಹನ ಕಂಪನಿಯಿಂದಲೇ ಜೋಡಿಸಿದ ಎಂಜಿನ್ ತರಿಸುವುದು. ಇದರ ಜೊತೆಗೆ “ಹೇಗೂ ಇಳಿಸಿದ್ದೇವೆ, ಇನ್ನಷ್ಟು ಪವರ್ ಬರುವಂತೆ ಮಾಡಿಬಿಡೋಣ” ಎಂಬ ಆಸೆಯೂ ಸೇರಿಕೊಳ್ಳುತ್ತದೆ.

ಹೆಚ್ಚಿನ ಸಂದರ್ಭಗಳಲ್ಲಿ ಈ ತೀರ್ಮಾನ ಗ್ಯಾರೇಜಿನಲ್ಲಿ ನಿಂತಲ್ಲೇ ಅರ್ಧ ಗಂಟೆಯಲ್ಲಿ ಆಗಿಹೋಗುತ್ತದೆ. ಅದರ ಪರಿಣಾಮವಾದರೋ ಮುಂದಿನ ನಾಲ್ಕೈದು ವರ್ಷಗಳ ಲೆಕ್ಕಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಬ್ಲಾಕಿನ ಆಯ್ಕೆಯನ್ನು ತಾಂತ್ರಿಕ, ಆರ್ಥಿಕ ಮತ್ತು ಕಾನೂನಿನ ದೃಷ್ಟಿಗಳಿಂದ ಕ್ರಮವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬ್ಲಾಕ್ ಹೊರುವ ಭಾರ

ಎಂಜಿನ್ನಿನ ಮಿಕ್ಕೆಲ್ಲ ಭಾಗಗಳಿಗೆ ಬ್ಲಾಕ್ ಒಂದು ಅಡಿಪಾಯವಿದ್ದಂತೆ. ಮೇಲೆ ಹೆಡ್ಡು, ಒಳಗೆ ಪಿಸ್ಟನ್ನು, ಕೆಳಗೆ ಕ್ರ್ಯಾಂಕು ಇವೆಲ್ಲ ಅದನ್ನೇ ಆಧರಿಸಿವೆ. ಅದು ಹೊರುವ ಭಾರವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 100 ಮಿ.ಮೀ. ವ್ಯಾಸದ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಉರಿಯುವ ಅನಿಲದ ಗರಿಷ್ಠ ಒತ್ತಡ 100 ಬಾರ್ ಎಂದಿಟ್ಟುಕೊಂಡರೆ, ಪ್ರತಿ ಸ್ಫೋಟದಲ್ಲಿ ಸುಮಾರು 8 ಟನ್ ಬಲ ಪಿಸ್ಟನ್ನನ್ನು ಕೆಳಕ್ಕೂ ಹೆಡ್ಡನ್ನು ಮೇಲಕ್ಕೂ ತಳ್ಳುತ್ತದೆ. ಈ ಎರಡರ ನಡುವಿನ ಎಳೆತವನ್ನು ತಾಳಿಕೊಳ್ಳುವುದು ಬ್ಲಾಕು. ನಿಮಿಷಕ್ಕೆ 2,000 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 1,000 ಬಾರಿ ಈ ಹೊಡೆತ ಬೀಳುತ್ತದೆ.

ಡೀಸೆಲ್ ಪಂಪು ಏರಿಸಿ ಅಥವಾ ಟರ್ಬೋ ಒತ್ತಡ ಹೆಚ್ಚಿಸಿ ಸಿಲಿಂಡರಿನ ಒತ್ತಡವನ್ನು 130 ಬಾರಿಗೆ ಕೊಂಡೊಯ್ದರೆ ಅದೇ ಬಲ ಸುಮಾರು 10.4 ಟನ್ನಿಗೆ ಏರುತ್ತದೆ. ಬ್ಲಾಕು ಮಾತ್ರ ಮೊದಲಿನದೇ. ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗುವುದು, ಬೋಲ್ಟಿನ ತೂತಿನ ಬಳಿ ಬಿರುಕು ಬಿಡುವುದು, ಮೇನ್ ಬೇರಿಂಗ್ ಸವೆಯುವುದು ಇವೆಲ್ಲಕ್ಕೂ ಮೂಲ ಇಲ್ಲಿಯೇ ಇದೆ.

ಬೋರ್ ಮಾಡಿದರೆ ಶಕ್ತಿ ಹೆಚ್ಚುವುದೇ?

ಬೋರ್ ದೊಡ್ಡದು ಮಾಡಿಸಿದರೆ ಪವರ್ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಸಾಮಾನ್ಯವಾಗಿ ದೊರೆಯುವ ಹೆಚ್ಚಿನ ಅಳತೆಯ ಪಿಸ್ಟನ್ನುಗಳು 0.25, 0.50, 0.75 ಮತ್ತು 1.00 ಮಿ.ಮೀ. ಕ್ರಮದಲ್ಲಿವೆ. 100 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್ ಇರುವ ಮೂರು ಸಿಲಿಂಡರಿನ ಎಂಜಿನ್ನಿನ ಗಾತ್ರ 2,592 ಸಿ.ಸಿ. ಅದನ್ನು 0.50 ಮಿ.ಮೀ. ಬೋರ್ ಮಾಡಿಸಿದರೆ 2,618 ಸಿ.ಸಿ., 1 ಮಿ.ಮೀ. ಮಾಡಿಸಿದರೆ 2,644 ಸಿ.ಸಿ. ಆಗುತ್ತದೆ. ಅಂದರೆ ಗರಿಷ್ಠ ಹೆಚ್ಚಳ ಶೇ. 2. ಗಾತ್ರದ ಹೆಚ್ಚಳವೆಲ್ಲವೂ ಶಕ್ತಿಯಾಗಿ ಪರಿವರ್ತನೆಯಾಯಿತೆಂದೇ ಎಣಿಸಿದರೂ 45 ಅಶ್ವಶಕ್ತಿಯ ಎಂಜಿನ್ 46ನ್ನು ಮುಟ್ಟುವುದಿಲ್ಲ.

ಸವೆದ ಸಿಲಿಂಡರನ್ನು ಬೋರ್ ಮಾಡಿಸಿದಾಗ ವಾಹನ ಚುರುಕಾದಂತೆ ತೋರುವುದು ನಿಜ. ಆದರೆ ಅದು ಹೊಸದಾಗಿ ಗಳಿಸಿದ ಶಕ್ತಿಯಲ್ಲ. ಸವೆತದಿಂದ ಸೋರಿಹೋಗುತ್ತಿದ್ದ ಶಕ್ತಿ ಮರಳಿ ಬಂದದ್ದಷ್ಟೆ. ಈ ವ್ಯತ್ಯಾಸವನ್ನು ಮಾಲೀಕರು ಮನಗಾಣುವುದು ಅಗತ್ಯ. ಪ್ರತಿ ಬೋರಿಂಗಿನಲ್ಲಿಯೂ ಗೋಡೆಯ ದಪ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಅಮೆರಿಕದಲ್ಲಿ ಓಟದ ಸ್ಪರ್ಧೆಗಾಗಿ ಎಂಜಿನ್ ಕಟ್ಟುವವರು ಇದೇ ಕಾರಣಕ್ಕೆ ಕಾರಿನ ಮೂಲ ಬ್ಲಾಕನ್ನು ಬಿಟ್ಟು ಬೇರೆ ತಯಾರಕರ ಬ್ಲಾಕನ್ನು ಆರಿಸಿಕೊಳ್ಳುತ್ತಾರೆ. ಶೆವ್ರೊಲೆ ಕಂಪನಿ 1955ರಲ್ಲಿ 265 ಘನ ಅಂಗುಲದ ಚಿಕ್ಕ ವಿ-8 ಎಂಜಿನ್ನನ್ನು ಹೊರತಂದಿತು. ಅದೇ ಮಾದರಿಗೆ ಹೊಂದುವಂತೆ, ದಪ್ಪ ಗೋಡೆ ಮತ್ತು ಪ್ರತಿ ಮೇನ್ ಕ್ಯಾಪಿಗೆ ನಾಲ್ಕು ಬೋಲ್ಟುಗಳಿರುವ ಬ್ಲಾಕುಗಳನ್ನು ಡಾರ್ಟ್ ಮೊದಲಾದ ಕಂಪನಿಗಳು ಎರಕ ಹೊಯ್ದು ಮಾರುತ್ತಿವೆ. ಮೊದಲು ಎಷ್ಟು ಶಕ್ತಿ ಬೇಕೆಂದು ನಿರ್ಧರಿಸಿ, ಆ ಒತ್ತಡವನ್ನು ತಾಳುವ ಬ್ಲಾಕನ್ನು ಆರಿಸಿ, ಉಳಿದ ಭಾಗಗಳನ್ನು ಅನಂತರ ಕೊಳ್ಳುವುದು ಅಲ್ಲಿನ ಕ್ರಮ. ನಮ್ಮಲ್ಲಿ ಪಂಪು, ಪಿಸ್ಟನ್ನು ಎಲ್ಲ ಮುಗಿದ ಮೇಲೆ ಬ್ಲಾಕಿನ ವಿಚಾರ ಬರುತ್ತದೆ. ದುಡಿಮೆಯ ವಾಹನಕ್ಕೆ ಓಟದ ಬ್ಲಾಕ್ ಬೇಕಿಲ್ಲವಾದರೂ ಈ ಕ್ರಮವನ್ನು ಅನುಸರಿಸಲು ಅಡ್ಡಿಯಿಲ್ಲ.

ಎರಕದ ಗುಣ ಮತ್ತು ಪರೀಕ್ಷೆ

ವಿಜಯಪುರದವರಿಗೆ ಎರಕದ ಮಾತು ಹೊಸದಲ್ಲ. ಇಲ್ಲಿಯ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಗೊಂಡು ಇಲ್ಲಿಗೆ ಬಂದದ್ದು. ಸುಮಾರು 55 ಟನ್ ತೂಕದ ಆ ತೋಪು ಗಂಟೆಲೋಹದ್ದು. ತಟ್ಟಿದರೆ ಗಂಟೆಯಂತೆ ನಾದ ಹೊರಡುತ್ತದೆ. ಅನುಭವಿ ಮಿಸ್ತ್ರಿಗಳು ಇಂದಿಗೂ ಲೈನರನ್ನು ದಾರದಿಂದ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುವುದು ಇದೇ ತತ್ವದ ಮೇಲೆ. ಬಿರುಕಿಲ್ಲದ ಎರಕ ಸ್ಪಷ್ಟವಾಗಿ ನುಡಿಯುತ್ತದೆ, ಬಿರುಕಿದ್ದುದು ಬೊದ್ದಾಗಿ ನುಡಿಯುತ್ತದೆ. ಆದರೆ ಬ್ಲಾಕಿನಂಥ ಜಟಿಲ ಆಕಾರಕ್ಕೆ ಈ ಪರೀಕ್ಷೆಯೊಂದೇ ಸಾಲದು.

ಲಾರಿ ಮತ್ತು ಟ್ರ್ಯಾಕ್ಟರುಗಳ ಬ್ಲಾಕುಗಳು ಬಹುಪಾಲು ಬೂದು ಬೀಡುಕಬ್ಬಿಣದವು. ಭಾರತೀಯ ಮಾನಕ ಐ.ಎಸ್. 210ರಲ್ಲಿ ಈ ಕಬ್ಬಿಣದ ದರ್ಜೆಗಳನ್ನು ಎಫ್.ಜಿ. 200, ಎಫ್.ಜಿ. 260, ಎಫ್.ಜಿ. 300 ಎಂದು ಗುರುತಿಸಲಾಗಿದೆ. ಸಂಖ್ಯೆ ಹೆಚ್ಚಿದಷ್ಟೂ ಎಳೆತ ತಾಳುವ ಬಲ ಹೆಚ್ಚು. ಬೂದು ಬೀಡುಕಬ್ಬಿಣ ಅಗ್ಗ, ಕಂಪನವನ್ನು ಹೀರಿಕೊಳ್ಳುತ್ತದೆ, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಅದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು; ಆದರೆ ಭಾರದ ವಾಹನಕ್ಕೆ ತೂಕದ ಉಳಿತಾಯಕ್ಕಿಂತ ಗಟ್ಟಿತನವೇ ಮುಖ್ಯವಾದುದರಿಂದ ಕಬ್ಬಿಣವೇ ಮೇಲು.

ಎರಕದ ವಿದ್ಯೆಯಲ್ಲಿ ಈ ಭಾಗಕ್ಕೆ ಹಳೆಯ ಹೆಸರಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಇಂದು ಬೆಳಗಾವಿ ಮತ್ತು ಕೊಲ್ಹಾಪುರ ದೇಶದ ಮುಖ್ಯ ಫೌಂಡ್ರಿ ಕೇಂದ್ರಗಳಾಗಿವೆ. ವಿಜಯಪುರದ ವ್ಯಾಪಾರಿಗೆ ಉತ್ತಮ ಎರಕ ಮತ್ತು ಉತ್ತಮ ಯಂತ್ರಗೆಲಸ ದೂರದ ವಸ್ತುವಲ್ಲ. ಕೇಳಿ ಪಡೆಯುವ ಅಭ್ಯಾಸ ಬೇಕಷ್ಟೆ.

ಹೊಸದಿರಲಿ, ಹಳೆಯದಿರಲಿ, ಹಣ ಕೊಡುವ ಮುನ್ನ ಈ ಕೆಳಗಿನ ಪರೀಕ್ಷೆಗಳನ್ನು ಮಾಡಿಸುವುದು ಹಿತಕರ.

1. ಬಿರುಕಿನ ಪರೀಕ್ಷೆ: ಬ್ಲಾಕನ್ನು ಕಾಂತೀಯಗೊಳಿಸಿ ಕಬ್ಬಿಣದ ಪುಡಿ ಚಿಮುಕಿಸಿದರೆ ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ಕೂಡುತ್ತದೆ. ಬೋಲ್ಟಿನ ತೂತು ಮತ್ತು ಮೇನ್ ಬೇರಿಂಗಿನ ಸುತ್ತ ವಿಶೇಷವಾಗಿ ನೋಡಬೇಕು.

2. ಒತ್ತಡದ ಪರೀಕ್ಷೆ: ನೀರಿನ ದಾರಿಗಳನ್ನು ಮುಚ್ಚಿ ಬಿಸಿನೀರು ಅಥವಾ ಗಾಳಿಯನ್ನು ಒತ್ತಡದಿಂದ ಹಾಯಿಸಿ ಸೋರಿಕೆಯನ್ನು ಕಾಣುವುದು. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ತೆರೆಯುವುದುಂಟು.

3. ಗೋಡೆಯ ದಪ್ಪ: ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಸರಿದರೆ ಸಿಲಿಂಡರಿನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಇದು ಕಣ್ಣಿಗೆ ಕಾಣದು. ಶ್ರವಣಾತೀತ ಧ್ವನಿಯ ಉಪಕರಣದಿಂದ ಮಾತ್ರ ಅಳೆಯಬಹುದು.

4. ಮೇಲ್ಮೈಯ ಸಮತೆ: ಹೆಡ್ಡು ಕೂಡುವ ಮೇಲ್ಮೈ ಮೇಲೆ ನೇರಪಟ್ಟಿಯಿಟ್ಟು ಫೀಲರ್ ಗೇಜಿನಿಂದ ಉದ್ದ, ಅಡ್ಡ, ಕರ್ಣ ಮೂರೂ ದಿಕ್ಕಿನಲ್ಲಿ ನೋಡಬೇಕು.

5. ಮೇನ್ ಬೋರಿನ ಸರಳತೆ: ಎಲ್ಲ ಮೇನ್ ಬೇರಿಂಗುಗಳು ಒಂದೇ ಗೆರೆಯಲ್ಲಿರಬೇಕು. ಕ್ಯಾಪುಗಳನ್ನು ಬಿಗಿದ ಮೇಲೆಯೂ ಕ್ರ್ಯಾಂಕು ಕೈಯಿಂದ ಸರಾಗವಾಗಿ ತಿರುಗಬೇಕು. ಹಳೆಯ ಬ್ಲಾಕಿಗೆ ಬೇರೊಂದರ ಕ್ಯಾಪ್ ಹಾಕಿದ್ದರೆ ಇಲ್ಲಿ ಗೊತ್ತಾಗುತ್ತದೆ.

6. ಬೋರಿನ ಅಳತೆ: ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಹೆಡ್ ಬೋಲ್ಟುಗಳನ್ನು ಬಿಗಿದಾಗ ಬೋರ್ ಸ್ವಲ್ಪ ವಕ್ರವಾಗುತ್ತದೆ. ಆದಕಾರಣ ಹೆಚ್ಚಿನ ಶಕ್ತಿಯ ಎಂಜಿನ್ನುಗಳಲ್ಲಿ ಹೆಡ್ಡಿನ ಬದಲಿಗೆ ದಪ್ಪ ತಗಡನ್ನು ಬೋಲ್ಟಿನಿಂದ ಬಿಗಿದು ಹೋನಿಂಗ್ ಮಾಡುವ ಪದ್ಧತಿಯಿದೆ.

ಲೈನರ್ ಮತ್ತು ನೀರು

ಬ್ಲಾಕುಗಳಲ್ಲಿ ಮೂರು ಬಗೆ. ಲೈನರ್ ಇಲ್ಲದೆ ಬ್ಲಾಕಿನಲ್ಲಿಯೇ ಬೋರ್ ಕೊರೆದವು, ಬ್ಲಾಕಿನ ಗೋಡೆಗೆ ಅಂಟಿಕೊಂಡು ಕೂಡುವ ಒಣ ಲೈನರಿನವು, ಹೊರಮೈಗೆ ನೇರವಾಗಿ ನೀರು ತಾಗುವ ಒದ್ದೆ ಲೈನರಿನವು. ದುರಸ್ತಿಯ ದೃಷ್ಟಿಯಿಂದ ಒದ್ದೆ ಲೈನರ್ ಸುಲಭ; ಸವೆದದ್ದನ್ನು ತೆಗೆದು ಹೊಸದನ್ನು ಕೂಡಿಸಬಹುದು. ಆದರೆ ಅದಕ್ಕೆ ನೀರೇ ಶತ್ರು. ಪ್ರತಿ ಸ್ಫೋಟಕ್ಕೂ ಲೈನರ್ ಸೂಕ್ಷ್ಮವಾಗಿ ಅದುರುತ್ತದೆ. ಆಗ ಅದರ ಹೊರಮೈಯಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ, ಒಡೆದಲ್ಲೆಲ್ಲ ಲೋಹವನ್ನು ಕೊರೆಯುತ್ತವೆ. ಕೊನೆಗೆ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಆಯಿಲ್ಲಿಗೆ ಸೇರುತ್ತದೆ. ಕೂಲಂಟಿನಲ್ಲಿರುವ ರಾಸಾಯನಿಕ ಈ ಕೊರೆತವನ್ನು ತಡೆಯುತ್ತದೆ.

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಇಂಥಲ್ಲಿ ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ತುಂಬಿಸಿದರೆ ನೀರಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟಿ ಶಾಖ ಹೊರಹೋಗದಂತಾಗುತ್ತದೆ. ಲಕ್ಷ ರೂಪಾಯಿ ಮೀರಿದ ಬ್ಲಾಕು ಹಾಕಿಸಿ, ಕೂಲಂಟಿನ ಕೆಲವು ನೂರು ರೂಪಾಯಿ ಉಳಿಸುವುದು ಉಳಿತಾಯವೆನಿಸದು. ಹಳೆಯ ಬ್ಲಾಕು ಏಕೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಹೊಸ ಬ್ಲಾಕು ಕೂಡಿಸಿದರೆ ಅದೇ ಕಥೆ ಮರುಕಳಿಸುತ್ತದೆ.

ಒಂದು ಲೆಕ್ಕದ ಉದಾಹರಣೆ

ಈಗ ಆರ್ಥಿಕ ದೃಷ್ಟಿಗೆ ಬರೋಣ. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ವಾಹನದ ನಿಜವಾದ ಅಂಕಿಗಳನ್ನು ಹಾಕಿ ನೋಡಬೇಕು. ಒಂದು ಲಾರಿ ದಿನಕ್ಕೆ ಡೀಸೆಲ್, ಟೋಲ್, ಭತ್ಯೆ ಕಳೆದು ರೂ. 3,000 ಉಳಿಸುತ್ತದೆ ಎಂದಿಟ್ಟುಕೊಳ್ಳೋಣ. ವಾಹನ ನಿಂತ ಪ್ರತಿ ದಿನವೂ ಅಷ್ಟು ನಷ್ಟ. ಗ್ಯಾರೇಜಿನ ಬಿಲ್ಲಿನಲ್ಲಿ ಕಾಣದ ಈ ನಷ್ಟವನ್ನು ಲೆಕ್ಕಕ್ಕೆ ಸೇರಿಸಲೇಬೇಕು.

(ಅ) ಹಳೆಯ ಬ್ಲಾಕಿಗೆ ಬೋರಿಂಗ್ ಮತ್ತು ಸ್ಲೀವ್: ಖರ್ಚು ರೂ. 85,000, 8 ದಿನ ನಿಲುಗಡೆ ರೂ. 24,000, ಒಟ್ಟು ರೂ. 1,09,000. ಬಾಳಿಕೆ 24 ತಿಂಗಳು. ತಿಂಗಳಿಗೆ ರೂ. 4,542.

(ಆ) ಬಳಸಿದ ಬ್ಲಾಕು: ಖರ್ಚು ರೂ. 70,000, 10 ದಿನ ನಿಲುಗಡೆ ರೂ. 30,000, ಒಟ್ಟು ರೂ. 1,00,000. ಬಾಳಿಕೆ 36 ತಿಂಗಳಾದರೆ ತಿಂಗಳಿಗೆ ರೂ. 2,778; 12 ತಿಂಗಳಿಗೇ ಕೈಕೊಟ್ಟರೆ ರೂ. 8,333.

(ಇ) ಬೇರೆ ತಯಾರಕರ ಹೊಸ ಬ್ಲಾಕು: ಖರ್ಚು ರೂ. 1,60,000; 12 ದಿನ ನಿಲುಗಡೆ ರೂ. 36,000, ಒಟ್ಟು ರೂ. 1,96,000. ಬಾಳಿಕೆ 60 ತಿಂಗಳು. ತಿಂಗಳಿಗೆ ರೂ. 3,267.

(ಈ) ಕಂಪನಿಯ ಜೋಡಿಸಿದ ಎಂಜಿನ್: ಖರ್ಚು ರೂ. 2,60,000, 5 ದಿನ ನಿಲುಗಡೆ ರೂ. 15,000, ಒಟ್ಟು ರೂ. 2,75,000. ಬಾಳಿಕೆ 72 ತಿಂಗಳು. ತಿಂಗಳಿಗೆ ರೂ. 3,819.

ಮೇಲ್ನೋಟಕ್ಕೆ ಮೂರನೆಯದು ಲಾಭಕರವೆಂದು ತೋರುತ್ತದೆ. ಆದರೆ ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಮಾಲೀಕ ಆ ಲಾರಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾನೆ? ಎರಡು ವರ್ಷದಲ್ಲಿ ಮಾರುವ ಉದ್ದೇಶವಿದ್ದರೆ, ಹೊಸ ಬ್ಲಾಕಿಗೆ ಹಾಕಿದ ಹಣ ಮಾರಾಟದ ಬೆಲೆಯಲ್ಲಿ ಪೂರ್ತಿ ಮರಳುವುದು ಕಷ್ಟ. ಆಗ ರೂ. 1,09,000ದ ಮೊದಲನೆಯ ದಾರಿಯೇ ಯೋಗ್ಯ. 24 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಅದೇ ದುರಸ್ತಿಯನ್ನು ಎರಡನೆಯ ಸಲ ಮಾಡಿಸಬೇಕಾಗಿ ವೆಚ್ಚ ರೂ. 2,18,000ಕ್ಕೆ ಏರುತ್ತದೆ, ಆಗ ರೂ. 1,96,000ದ ಹೊಸ ಬ್ಲಾಕು ಅಗ್ಗವಾಗುತ್ತದೆ. ಬಳಸಿದ ಬ್ಲಾಕು ಅದೃಷ್ಟವಿದ್ದರೆ ಎಲ್ಲಕ್ಕಿಂತ ಅಗ್ಗ, ಇಲ್ಲದಿದ್ದರೆ ಎಲ್ಲಕ್ಕಿಂತ ದುಬಾರಿ. ಮೇಲೆ ಹೇಳಿದ ಪರೀಕ್ಷೆಗಳಿಗೆ ಮಾಡುವ ಖರ್ಚು ಈ ಅದೃಷ್ಟದ ಪಾಲನ್ನು ಕಡಿಮೆ ಮಾಡುತ್ತದೆ.

ನಿಲುಗಡೆಯ ದಿನದ ಬೆಲೆಯೂ ವರ್ಷವಿಡೀ ಒಂದೇ ಅಲ್ಲ. ಕಬ್ಬು ನುರಿಸುವ ಕಾಲದಲ್ಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಮುಂದೆ ಹಿಂದೆ, ದ್ರಾಕ್ಷಿಯ ಸುಗ್ಗಿಯಲ್ಲಿ ಒಂದು ದಿನ ನಿಂತರೆ ಆಗುವ ನಷ್ಟ ಮಳೆಗಾಲದ ದಿನಕ್ಕಿಂತ ಹೆಚ್ಚು. ಹೊಗೆ, ಆಯಿಲ್ ಖರ್ಚು ಹೆಚ್ಚಿದ ವಾಹನವನ್ನು ಮಳೆಗಾಲದಲ್ಲಿಯೇ ಬಿಚ್ಚಿಸಿ ನೋಡುವುದು ಜಾಣತನ.

ತೆರಿಗೆಯ ಲೆಕ್ಕ

ಎಂಜಿನ್ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಈ ತೆರಿಗೆಯನ್ನು ಜಮೆಯಾಗಿ ಪಡೆಯಬಹುದೇ ಎಂಬುದು ಮಾಲೀಕನ ವ್ಯವಹಾರವನ್ನು ಅವಲಂಬಿಸಿದೆ. ತೆರಿಗೆಗೊಳಪಟ್ಟ ಸರಕನ್ನು ಸ್ವಂತ ಲಾರಿಯಲ್ಲಿ ಸಾಗಿಸುವ ನೋಂದಾಯಿತ ವ್ಯಾಪಾರಿಗೆ ಜಮೆ ಸಿಗುತ್ತದೆ. ಸರಕು ಸಾಗಣೆಯ ಸಂಸ್ಥೆಯಾದರೆ, ತಾನೇ ಶೇ. 18ರ ದರದಲ್ಲಿ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡಿದ್ದರೆ ಮಾತ್ರ ಜಮೆ, ಶೇ. 5ರ ಪದ್ಧತಿಯಲ್ಲಿ ಇಲ್ಲ. ನೋಂದಣಿಯಿಲ್ಲದ ರೈತನಿಗೆ ತೆರಿಗೆಯೂ ಖರ್ಚಿನ ಭಾಗವೇ. ಬೆಲೆ ಹೋಲಿಸುವಾಗ ಜಮೆ ಸಿಗುವವರು ತೆರಿಗೆ ಬಿಟ್ಟು, ಸಿಗದವರು ತೆರಿಗೆ ಸೇರಿಸಿ ಹೋಲಿಸಬೇಕು.

ಆದಾಯ ತೆರಿಗೆಯಲ್ಲಿ ಬರುವ ಪ್ರಶ್ನೆ, ಇದು ಚಾಲ್ತಿ ದುರಸ್ತಿಯೋ ಬಂಡವಾಳ ವೆಚ್ಚವೋ ಎಂಬುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಬಂಡವಾಳ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯ ಈ ಮಾನದಂಡವನ್ನು ಎತ್ತಿಹಿಡಿಯಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಗಿರಣಿಯ ಸ್ವತಂತ್ರ ಯಂತ್ರವೊಂದನ್ನು ಪೂರ್ತಿ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದಿತು. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದರೂ ಈ ವಿವೇಚನೆ ಉಳಿದಿದೆ. ಲಾರಿ ಒಂದು ಆಸ್ತಿ, ಬ್ಲಾಕು ಅದರ ಒಂದು ಭಾಗ. ಅದೇ ಶಕ್ತಿಯ ಬ್ಲಾಕನ್ನು ಕೂಡಿಸಿ ಲಾರಿಯನ್ನು ಮೊದಲಿನ ಸ್ಥಿತಿಗೆ ತಂದರೆ ದುರಸ್ತಿಯೆಂಬ ವಾದಕ್ಕೆ ಬಲವಿದೆ. ಹೆಚ್ಚಿನ ಶಕ್ತಿಗಾಗಿ ಎಂಜಿನ್ನಿನ ಸ್ವರೂಪವನ್ನೇ ಬದಲಿಸಿದರೆ ಆ ವಾದ ದುರ್ಬಲವಾಗುತ್ತದೆ. ಆಗ ವೆಚ್ಚವನ್ನು ಆಸ್ತಿಗೆ ಸೇರಿಸಿ ಸವಕಳಿ ಪಡೆಯಬೇಕಾದೀತು.

ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಬ್ಲಾಕಿನ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಸ್ವಂತ ಹೊಲದ ದುಡಿಮೆಗಷ್ಟೇ ಬಳಸುವ ಟ್ರ್ಯಾಕ್ಟರಿನ ಖರ್ಚನ್ನು ವ್ಯಾಪಾರದ ಆದಾಯದಿಂದ ಕಳೆಯಲಾಗದು. ಬಾಡಿಗೆಗೆ ಓಡಿಸಿದ್ದರೆ ಆ ಪ್ರಮಾಣದಲ್ಲಿ ವಿಂಗಡಿಸಬೇಕು. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ವೆಚ್ಚವಾಗಿಯೂ, ಆಸ್ತಿಯ ಬೆಲೆಯಾಗಿಯೂ ಮಾನ್ಯತೆ ದೊರೆಯದು. ಗುಜರಿಯಿಂದ ಬಿಲ್ಲಿಲ್ಲದೆ ತಂದ ಬ್ಲಾಕು ಈ ಕಾರಣಕ್ಕೂ ದುಬಾರಿಯೇ.

ಎಂಜಿನ್ ಸಂಖ್ಯೆ ಮತ್ತು ಕಾನೂನು

ಎಂಜಿನ್ ಸಂಖ್ಯೆಯನ್ನು ಸಾಮಾನ್ಯವಾಗಿ ಬ್ಲಾಕಿನ ಮೇಲೆಯೇ ಒತ್ತಿರುತ್ತಾರೆ. ಬ್ಲಾಕು ಬದಲಾದರೆ ನೋಂದಣಿ ಪ್ರಮಾಣಪತ್ರದಲ್ಲಿರುವ ಸಂಖ್ಯೆಗೂ ವಾಹನದಲ್ಲಿರುವ ಸಂಖ್ಯೆಗೂ ತಾಳೆಯಾಗುವುದಿಲ್ಲ. ಇದು ಬಹಳಷ್ಟು ಮಾಲೀಕರು ಕಡೆಗಣಿಸುವ ಸಂಗತಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟನ್ನು ನಿಯಂತ್ರಿಸುತ್ತದೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಟು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕುವುದಾದರೂ ನೋಂದಣಿ ಅಧಿಕಾರಿಯ ಅನುಮತಿ ಬೇಕು. ಹತ್ತು ಅಥವಾ ಹೆಚ್ಚು ಸಾರಿಗೆ ವಾಹನಗಳುಳ್ಳವರಿಗೆ ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಪೂರ್ವಾನುಮತಿಯಿಂದ ವಿನಾಯಿತಿ ಕೊಡಬಹುದು. ಆದರೆ ಅವರೂ 14 ದಿನಗಳೊಳಗೆ ವರದಿ ಮಾಡಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಕಂತಿನ ಕರಾರಿನ ಮೇಲಿರುವ ವಾಹನಕ್ಕೆ ನೋಂದಾಯಿತ ಮಾಲೀಕನ ಲಿಖಿತ ಒಪ್ಪಿಗೆ ಅಗತ್ಯ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ, ಅಥವಾ ಎರಡೂ ಉಂಟು.

ಹೊಸ ಬ್ಲಾಕಿನ ಮೇಲೆ ಹಳೆಯ ಸಂಖ್ಯೆಯನ್ನು ಲೇತ್ ಅಂಗಡಿಯಲ್ಲಿ ತಾವೇ ಒತ್ತಿಸುವುದು ಪರಿಹಾರವಲ್ಲ. ಅಪಘಾತದ ವಿಮೆ ಕೇಳುವಾಗ, ಸಾಲ ಪಡೆಯುವಾಗ, ವಾಹನ ಮಾರುವಾಗ ಆ ಸಂಖ್ಯೆಯೇ ಸಂಶಯಕ್ಕೆ ಎಡೆಮಾಡುತ್ತದೆ. ಬಳಸಿದ ಬ್ಲಾಕಿನ ಮೇಲೆ ಬೇರೊಂದು ವಾಹನದ ಸಂಖ್ಯೆಯಿರುವುದರಿಂದ, ಅದರ ಮೂಲವನ್ನು ತೋರಿಸುವ ಬಿಲ್ಲು ಮತ್ತು ಆ ವಾಹನದ ದಾಖಲೆಯ ಪ್ರತಿಯಿಲ್ಲದೆ ಕೊಳ್ಳಲೇಬಾರದು. ಕಳವಾದ ವಾಹನದ ಬ್ಲಾಕಾಗಿದ್ದರೆ ಕೊಂಡವನೇ ಉತ್ತರ ಹೇಳಬೇಕಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳು ಹೊರಡುತ್ತವೆ. ಹಳೆಯ ಬ್ಲಾಕು ಹೋದ ಕಾರಣವನ್ನು ಮೊದಲು ತಿಳಿಯಬೇಕು. ವಾಹನವನ್ನು ಇನ್ನೆಷ್ಟು ಕಾಲ ಇಟ್ಟುಕೊಳ್ಳುವುದೆಂದು ನಿರ್ಧರಿಸಬೇಕು. ನಿಲುಗಡೆಯ ನಷ್ಟವನ್ನು ಸೇರಿಸಿ ತಿಂಗಳ ವೆಚ್ಚವನ್ನು ಹೋಲಿಸಬೇಕು. ಬ್ಲಾಕನ್ನು ಪರೀಕ್ಷಿಸಿ, ಅಳತೆಗಳನ್ನು ಬರೆಸಿಕೊಂಡು, ಬಿಲ್ಲು ಪಡೆದು, ಬ್ಯಾಂಕಿನ ಮೂಲಕ ಹಣ ಕೊಡಬೇಕು. ಎಂಜಿನ್ ಜೋಡಿಸುವ ಮುನ್ನವೇ ಸಾರಿಗೆ ಕಚೇರಿಯ ಅನುಮತಿಗೆ ಅರ್ಜಿ ಹಾಕಬೇಕು.

ಶಕ್ತಿಯ ಆಸೆಯ ವಿಷಯದಲ್ಲಿ ಒಂದು ಮಾತು. 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ 60ರ ಕೆಲಸ ಹೊರಿಸಬೇಕಾದ ದುಡಿಮೆ ನಿಜವಾಗಿ ಇದ್ದರೆ, 60 ಅಶ್ವಶಕ್ತಿಯ ಟ್ರ್ಯಾಕ್ಟರಿನ ಕಂತನ್ನು ಆ ದುಡಿಮೆಯೇ ಭರಿಸಬೇಕು. ಭರಿಸದಿದ್ದರೆ ಅಷ್ಟು ಶಕ್ತಿಯ ಅಗತ್ಯವೇ ಇಲ್ಲವೆಂದು ತಿಳಿಯಬೇಕು. ಬ್ಲಾಕು, ಗಿಯರು, ಬ್ರೇಕು ಮೂರೂ ಒಂದು ಭಾರಕ್ಕೆ ತಕ್ಕಂತೆ ರೂಪುಗೊಂಡಿರುತ್ತವೆ. ಬ್ಲಾಕನ್ನು ಬಲಪಡಿಸಿದ ಮಾತ್ರಕ್ಕೆ ಬ್ರೇಕಿನ ಬಲ ಹೆಚ್ಚುವುದಿಲ್ಲ. ಟ್ರೇಲರಿನ ಹಿಂದೆ ಮುಂದೆ ರಸ್ತೆಯಲ್ಲಿ ನಡೆದಾಡುವವರ ಜೀವವೂ ಈ ಲೆಕ್ಕದಲ್ಲಿ ಸೇರಿದೆ ಎಂಬುದನ್ನು ಪ್ರತಿಯೊಬ್ಬ ಮಾಲೀಕನೂ ನೆನಪಿನಲ್ಲಿಡತಕ್ಕದ್ದು.